ಅಂಕಿತವಿಲ್ಲದ ಕತ್ತಿಗಳು



ಈ ಹೊತ್ತಿನ ಮಾತು ಕತ್ತಿಗಳನ್ನು ಕುರಿತದ್ದು. ಅದರಲ್ಲಿಯೂ, ಮಾಡಿದವನ ಹೆಸರನ್ನು ಮೈಮೇಲೆ ಹೊತ್ತಿರದ ಹಳೆಯ ಕತ್ತಿಗಳನ್ನು ಕುರಿತದ್ದು. ಅಂಥ ಕತ್ತಿಯೊಂದನ್ನು ಬಲ್ಲವರೊಬ್ಬರು ಕೈಗೆತ್ತಿಕೊಂಡು, ತಿರುಗಿಸಿ ಮುರುಗಿಸಿ ನೋಡಿ, 'ಇದು ಇಂಥವನ ಕೆಲಸ' ಎಂದು ನಿರ್ಣಯ ಹೇಳಿದರೆ, ಆ ನಿರ್ಣಯದ ಅರ್ಥವೇನು, ಅದನ್ನು ನಾವು ಯಾವ ರೀತಿಯಲ್ಲಿ ಓದಿಕೊಳ್ಳತಕ್ಕದ್ದು ಎಂಬುದೇ ಇಂದಿನ ವಿಷಯ.

ಚಿಕ್ಕಜಾಜೂರಿನ ಆಸುಪಾಸಿನಲ್ಲಿ ಕುಳಿತು ಕೇಳುತ್ತಿರುವ ನಿಮಗೆ ಇದು ದೂರದ ಸಂಗತಿಯೆಂದು ತೋರಬಹುದು. ದೂರದ್ದಲ್ಲ. ನಿಮ್ಮ ಹೊಳಲ್ಕೆರೆ ತಾಲ್ಲೂಕಿನ ಗಟ್ಟಿಹೊಸಹಳ್ಳಿಯಲ್ಲಿ ಹಿಂದೆ ಮೂಸೆಯ ಉಕ್ಕು ತಯಾರಾಗುತ್ತಿತ್ತು. ಅಲ್ಲಿ ದೊರೆತ ಮೂಸೆಗಳ ಒಡಕು ಚೂರುಗಳು ನೋಡಲು ಕಪ್ಪು, ಮುಟ್ಟಲು ಒರಟು. ಜೇಡಿಮಣ್ಣಿಗೆ ಭತ್ತದ ಹೊಟ್ಟನ್ನು ಧಾರಾಳವಾಗಿ ಬೆರೆಸಿ ನಾದಿ ಮಾಡಿದ ಪಾತ್ರೆಗಳವು. ಆ ಹೊಟ್ಟು ಉರಿಯಲ್ಲಿ ಕರಿಯಾಗಿ ಮಣ್ಣಿನೊಳಗೇ ನಿಂತು, ಉಕ್ಕು ಕರಗುವಷ್ಟು ಶಾಖವನ್ನು ತಾಳುವ ಬಲವನ್ನು ಮೂಸೆಗೆ ಕೊಡುತ್ತಿತ್ತು. ಕನ್ನಡದ ವಿಜ್ಞಾನ ಲೇಖಕರೂ ಭೂವಿಜ್ಞಾನಿಗಳೂ ಆದ ಟಿ. ಆರ್. ಅನಂತರಾಮು ಅವರು, ಬ್ರಿಟಿಷ್ ಮ್ಯೂಸಿಯಮ್ಮಿನ ಪಾಲ್ ಕ್ರಾಡಕ್ ಮೊದಲಾದ ವಿದ್ವಾಂಸರೊಡನೆ ಕೂಡಿ, ಈ ಚೂರುಗಳನ್ನು ಪರೀಕ್ಷಿಸಿ 1999ರಲ್ಲಿ ಒಂದು ದೀರ್ಘ ಲೇಖನವನ್ನು ಪ್ರಕಟಿಸಿದರು. ಹೊಲದಂಚಿನ ಕರಿಚೂರೊಂದು ವಿದ್ವತ್ಪತ್ರಿಕೆಯ ಪುಟವನ್ನೇರಿದ್ದು ಈ ತಾಲ್ಲೂಕಿಗೆ ಸಣ್ಣ ಗೌರವವಲ್ಲ.

ಇಂಥ ಉಕ್ಕನ್ನು ಹೇಗೆ ಮಾಡುತ್ತಿದ್ದರೆಂಬುದಕ್ಕೆ ಕಣ್ಣಾರೆ ಕಂಡವರ ಸಾಕ್ಷ್ಯವೂ ಉಂಟು. ಟಿಪ್ಪು ಸುಲ್ತಾನನು ಮಡಿದ ಮರುವರ್ಷ, ಅಂದರೆ 1800ರಲ್ಲಿ, ಮೈಸೂರು ಸೀಮೆಯ ಪರ್ಯಟನಕ್ಕೆ ಹೊರಟ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮಧುಗಿರಿಯ ಕಡೆಯಲ್ಲಿ ಉಕ್ಕಿನ ಕುಲುಮೆಗಳನ್ನು ನೋಡಿ ವಿವರವಾಗಿ ಬರೆದಿಟ್ಟಿದ್ದಾನೆ. ಕಬ್ಬಿಣದ ತುಂಡು, ಅದರ ಜೊತೆಗೆ ತಂಗಡಿಯ ಕಡ್ಡಿ, ಒಂದೆರಡು ಹಸಿಯ ಎಲೆ. ಇಷ್ಟನ್ನು ಮೂಸೆಯೊಳಗಿಟ್ಟು, ಬಾಯಿಯನ್ನು ಮಣ್ಣಿನಿಂದ ಮೆತ್ತಿ, ತಿದಿಯೂದಿ ಕಾಯಿಸುವುದು. ಮುಚ್ಚಿದ ಮೂಸೆಯೊಳಗೆ ಕಡ್ಡಿ ಎಲೆಗಳ ಇಂಗಾಲವು ಕಬ್ಬಿಣವನ್ನು ಸೇರಿ, ಕಬ್ಬಿಣವು ಉಕ್ಕಾಗಿ ಕರಗಿ, ಆರಿದ ಮೇಲೆ ತಳದಲ್ಲಿ ಗಟ್ಟಿಯಾಗಿ ನಿಲ್ಲುತ್ತಿತ್ತು. ನಮ್ಮ ಬಯಲುಸೀಮೆಯ ಬೇಲಿಸಾಲಿನಲ್ಲಿ ಹಳದಿ ಹೂ ಬಿಡುವ ಅದೇ ತಂಗಡಿ! ಆ ಗಟ್ಟಿಗಳು ವ್ಯಾಪಾರಿಗಳ ಕೈಸೇರಿ ದೂರ ದೂರ ಹೋದವು, ಕತ್ತಿಗಳಾದವು. ಆ ಕತ್ತಿಗಳ ಮೇಲೆ ಗಟ್ಟಿಹೊಸಹಳ್ಳಿಯ ಹೆಸರಿಲ್ಲ, ಮಧುಗಿರಿಯ ಹೆಸರಿಲ್ಲ, ತಿದಿಯೂದಿದವನ ಹೆಸರಂತೂ ಇಲ್ಲವೇ ಇಲ್ಲ.

ಇಷ್ಟು ಹೇಳಿದ್ದಾಯಿತು: ಉಕ್ಕು ಈ ನೆಲದ್ದು, ಮಾಡಿದವರ ಅಂಕಿತ ಉಳಿದಿಲ್ಲ. ಹಾಗಾದರೆ ಅಂಕಿತವಿಲ್ಲದ ಕತ್ತಿಗೆ ಹೆಸರು ಹೇಳುವ ವಿದ್ಯೆ ಎಲ್ಲಿಯಾದರೂ ಬೆಳೆದಿದೆಯೆ? ಬೆಳೆದಿದೆ. ಅದನ್ನು ಎಲ್ಲರಿಗಿಂತ ಹೆಚ್ಚು ಶ್ರದ್ಧೆಯಿಂದ ಬೆಳೆಸಿದವರು ಜಪಾನೀಯರು. ಅವರ ಹತ್ತಿರ ಸ್ವಲ್ಪ ಹೊತ್ತು ಇದ್ದು ಬರೋಣ.

ಜಪಾನಿನ ಕಮ್ಮಾರನು ಅಲಗಿನ ಬಾಲದ ಮೇಲೆ, ಅಂದರೆ ಹಿಡಿಯೊಳಗೆ ಅಡಗಿ ಹೋಗುವ ಭಾಗದ ಮೇಲೆ, ಉಳಿಯಿಂದ ತನ್ನ ಹೆಸರನ್ನು ಕೊರೆಯುವುದು ಅಲ್ಲಿಯ ಪದ್ಧತಿ. ಆದರೂ ಅಲ್ಲಿಯ ಪ್ರಾಚೀನ ಕತ್ತಿಗಳಲ್ಲಿ ಅನೇಕವು ಅಂಕಿತಹೀನ. 13 ಮತ್ತು 14ನೆಯ ಶತಮಾನಗಳಲ್ಲಿ ಕುದುರೆಯ ಮೇಲಿನ ಯುದ್ಧಕ್ಕಾಗಿ ಮಾಡಿದ ಉದ್ದನೆಯ ಕತ್ತಿಗಳನ್ನು, ನೆಲದ ಮೇಲೆ ನಿಂತು ಕಾದಾಡುವ ಪದ್ಧತಿ ಬಂದ ಮೇಲೆ, ಬಾಲದ ಕಡೆಯಿಂದ ಕತ್ತರಿಸಿ ಗಿಡ್ಡಮಾಡಿದರು. ಕತ್ತರಿಸಿ ಬಿಸುಟ ತುಂಡಿನೊಡನೆ ಕಮ್ಮಾರನ ಹೆಸರೂ ಹೋಯಿತು. ಇನ್ನು ಕೆಲವರು ಹೆಸರನ್ನು ಕೊರೆಯಲೇ ಇಲ್ಲ. ಮತ್ತೆ ಕೆಲವು ಕತ್ತಿಗಳ ಮೇಲೆ ಯಾರೋ ದುರಾಸೆಯಿಂದ ದೊಡ್ಡ ಹೆಸರೊಂದನ್ನು ಕೊರೆದಿದ್ದು, ಅದು ಸುಳ್ಳೆಂದು ತಿಳಿದ ಮೇಲೆ ಅಳಿಸಿದ್ದೂ ಉಂಟು.

ಹೆಸರು ಹೋದ ಕತ್ತಿಯಲ್ಲಿ ಬಲ್ಲವರು ನೋಡುವುದೇನನ್ನು? ಮೊದಲು ಆಕಾರವನ್ನು: ಬಾಗು ಎಲ್ಲಿ ಹೆಚ್ಚು, ಅಗಲ ಎಲ್ಲಿ ಕಿರಿದಾಗುತ್ತದೆ, ತುದಿ ಎಷ್ಟು ಉದ್ದ. ಆಕಾರವು ಕಾಲವನ್ನು ಹೇಳುತ್ತದೆ. ಆಮೇಲೆ ಅಲಗಿನ ಮೈಯನ್ನು. ಉಕ್ಕನ್ನು ಬಡಿದು ಮಡಿಸಿ, ಮತ್ತೆ ಬಡಿದು ಮಡಿಸಿ ಮಾಡಿದ್ದರಿಂದ ಮೈಮೇಲೆ ಸೂಕ್ಷ್ಮವಾದ ಎಳೆಗಳು ಮೂಡಿರುತ್ತವೆ. ಅವು ಒಂದು ಪ್ರಾಂತದಲ್ಲಿ ನೇರವಾಗಿಯೂ ಇನ್ನೊಂದರಲ್ಲಿ ಸುಳಿಸುಳಿಯಾಗಿಯೂ ಇರುತ್ತವೆ. ಕೊನೆಗೆ ಬಾಯಿಯ ಹದವನ್ನು. ಕಣ್ಣಿಗೆ ತೋರಿಸಲಾಗದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ. ಕಮ್ಮಾರನು ಅಲಗಿಗೆ ಜೇಡಿಯನ್ನು ಬಳಿಯುತ್ತಾನೆ. ಬೆನ್ನಿಗೆ ದಪ್ಪನಾಗಿ, ಬಾಯಿಯ ಕಡೆಗೆ ತೆಳ್ಳಗೆ. ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾನೆ. ಬಾಯಿ ಥಟ್ಟನೆ ಆರಿ ಬಹು ಗಡುಸಾಗುತ್ತದೆ. ಬೆನ್ನು ನಿಧಾನವಾಗಿ ಆರಿ ಬಾಗಿದರೂ ಮುರಿಯದಂತಿರುತ್ತದೆ. ಎರಡೂ ಸೇರುವ ಎಡೆಯಲ್ಲಿ, ಉಜ್ಜಿ ಹೊಳಪು ಕೊಟ್ಟಾಗ, ಬಿಳುಪಾದ ಒಂದು ರೇಖೆ ಕಾಣುತ್ತದೆ. ಕೆಲವರ ಕೈಯಲ್ಲಿ ಅದು ನೇರ, ಕೆಲವರ ಕೈಯಲ್ಲಿ ಅಲೆಯಲೆ, ಕೆಲವರದರಲ್ಲಿ ಬಿಡಿಬಿಡಿಯಾದ ಕಣಗಳು ಮಿನುಗುತ್ತವೆ. ಯಾಮಾತೊ, ಯಾಮಾಶಿರೊ, ಬಿಜೆನ್, ಸಾಗಾಮಿ, ಮಿನೊ ಎಂಬ ಐದು ಸೀಮೆಗಳ ಐದು ಸಂಪ್ರದಾಯಗಳನ್ನು ಅವರು ಮುಖ್ಯವಾಗಿ ಈ ಲಕ್ಷಣಗಳಿಂದಲೇ ಗುರುತಿಸುತ್ತಾರೆ.

ಈ ವಿದ್ಯೆಯನ್ನು ವಂಶವೃತ್ತಿಯನ್ನಾಗಿ ಮಾಡಿಕೊಂಡ ಮನೆತನವೊಂದಿತ್ತು. ಅದರ ಹೆಸರು ಹೊನಾಮಿ. ಕತ್ತಿಗೆ ಸಾಣೆಹಿಡಿಯುವುದೂ ಪರೀಕ್ಷಿಸುವುದೂ ಅವರ ಕೆಲಸ. 16ನೆಯ ಶತಮಾನದ ಕೊನೆಯಿಂದ ಅವರು ಮಡಿಸಿದ ಕಾಗದದ ಮೇಲೆ ನಿರ್ಣಯಪತ್ರಗಳನ್ನು ಬರೆದುಕೊಡತೊಡಗಿದರು. ಕೆಲವು ವೇಳೆ ನಿರ್ಣಯವನ್ನು ಅಲಗಿನ ಬಾಲದ ಮೇಲೆ ಚಿನ್ನದ ಕೆತ್ತನೆಯಲ್ಲಿ ಬರೆಸುವುದೂ ಇತ್ತು. ಪತ್ರದಲ್ಲಿ ಕಮ್ಮಾರನ ಹೆಸರಿನ ಜೊತೆಗೆ ಕತ್ತಿಯ ಬೆಲೆಯೂ ಚಿನ್ನದ ಲೆಕ್ಕದಲ್ಲಿ ಇರುತ್ತಿತ್ತು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. 1719ರಲ್ಲಿ ಅಲ್ಲಿಯ ದಂಡನಾಯಕ ಯೋಶಿಮುನೆಯ ಅಪ್ಪಣೆಯಂತೆ ಈ ಮನೆತನದವರು 200ಕ್ಕೂ ಮಿಕ್ಕ ಪ್ರಸಿದ್ಧ ಕತ್ತಿಗಳ ಪಟ್ಟಿಯನ್ನು ಸಿದ್ಧಪಡಿಸಿದರು. ಆ ಪಟ್ಟಿಯಲ್ಲಿ ಅತ್ಯಂತ ಗೌರವಕ್ಕೆ ಪಾತ್ರರಾದ ಮೂವರಲ್ಲಿ ಗೋ ಯೋಶಿಹಿರೊ ಎಂಬುವನೊಬ್ಬ. ಅವನದೆಂದು ಒಪ್ಪಿಗೆಯಾದ ಅಂಕಿತವಿರುವ ಕತ್ತಿ ಒಂದೂ ಇಲ್ಲ. ಗೋ ಮಾಡಿದ ಕತ್ತಿಯನ್ನೂ ಭೂತವನ್ನೂ ಕಂಡವರಿಲ್ಲವೆಂದು ಜಪಾನೀಯರು ಗಾದೆಯನ್ನೇ ಕಟ್ಟಿದ್ದಾರೆ. ಅವನ ಕೀರ್ತಿಯೆಲ್ಲವೂ ಪರೀಕ್ಷಕರ ನಿರ್ಣಯದ ಮೇಲೆ ನಿಂತದ್ದು. ಆ ಮೂವರಲ್ಲಿ ಇನ್ನೊಬ್ಬನಾದ ಮಸಾಮುನೆಯ ಅಂಕಿತವೂ ಕೆಲವೇ ಚಿಕ್ಕ ಬಾಕುಗಳ ಮೇಲೆ ಮಾತ್ರ ದೊರೆಯುತ್ತದೆ.

ಇದುವರೆಗೆ ಕೇಳಿದ್ದೇನು? ಅಂಕಿತ ಹೋದ ಕತ್ತಿಯಲ್ಲಿ ಆಕಾರ, ಮೈ, ಹದ ಇವು ಉಳಿದಿರುತ್ತವೆ. ಅವುಗಳನ್ನು ಓದುವ ವಂಶವೊಂದಿತ್ತು. ಅದರ ಮಾತಿಗೆ ಬೆಲೆಯಿತ್ತು. ಇನ್ನು ಆ ಮಾತಿನ ಅರ್ಥಕ್ಕೆ ಬರೋಣ. ನನ್ನ ದೃಷ್ಟಿಯಲ್ಲಿ ವಿಷಯದ ಹೃದಯವಿರುವುದು ಇಲ್ಲಿಯೇ.

ನೀವು ರೇಡಿಯೋ ಹಾಕುವ ಹೊತ್ತಿಗೆ ಗಾಯನ ಆರಂಭವಾಗಿಬಿಟ್ಟಿದೆಯೆನ್ನಿ. ಹಾಡುವವರ ಹೆಸರನ್ನು ಹೇಳಿ ಆಗಿದೆ, ನಿಮಗೆ ಕೇಳಿಸಿಲ್ಲ. ಸಂಗೀತ ಬಲ್ಲ ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತಿದ್ದಾರೆ. ಸ್ವರದ ಮೇಲೆ ನಿಲ್ಲುವ ರೀತಿಯನ್ನೂ ಆಲಾಪವನ್ನು ಬಿಡಿಸುವ ಸಾವಧಾನವನ್ನೂ ಕೇಳಿ, 'ಇದು ಕಿರಾಣಾ ಘರಾಣೆ' ಎನ್ನುತ್ತಾರೆ. ಇನ್ನೂ ಸ್ವಲ್ಪ ಕೇಳಿ, 'ಸವಾಯಿ ಗಂಧರ್ವರ ಶಿಷ್ಯವರ್ಗದವರಿರಬೇಕು' ಎನ್ನುತ್ತಾರೆ. ಮತ್ತೂ ಕೇಳಿ, 'ಗಂಗೂಬಾಯಿಯವರೇ ಸರಿ' ಎಂದು ತೊಡೆ ತಟ್ಟುತ್ತಾರೆ. ಈ ಮೂರು ಮಾತುಗಳೂ ಒಂದೇ ತೂಕದವಲ್ಲ. ಮೊದಲನೆಯದು ಸಂಪ್ರದಾಯದ ಮಾತು, ಎರಡನೆಯದು ಗುರುಪರಂಪರೆಯ ಮಾತು, ಮೂರನೆಯದು ವ್ಯಕ್ತಿಯ ಮಾತು. ಮೊದಲನೆಯದರಲ್ಲಿ ತಪ್ಪುವ ಸಂಭವ ಕಡಿಮೆ. ಕೊನೆಯದರಲ್ಲಿ ಧೈರ್ಯ ಹೆಚ್ಚು.

ಕತ್ತಿಯ ನಿರ್ಣಯಪತ್ರಗಳೂ ಹೀಗೆಯೇ. ಜಪಾನಿನಲ್ಲಿ ಯುದ್ಧಾನಂತರ, 1948ರಲ್ಲಿ, ಕಲಾಖಡ್ಗಗಳ ಸಂರಕ್ಷಣೆಗೆಂದು ಒಂದು ಸಂಘ ಹುಟ್ಟಿತು; ಇಂದಿಗೂ ಅದು ನಿರ್ಣಯಪತ್ರಗಳನ್ನು ಕೊಡುತ್ತದೆ. ಒಂದು ಪತ್ರದಲ್ಲಿ ಕಮ್ಮಾರನ ಹೆಸರೇ ಇರುತ್ತದೆ. ಇನ್ನೊಂದರಲ್ಲಿ ಆ ಹೆಸರಿನ ಹಿಂದೆ 'ದೆನ್' ಎಂಬ ಚಿಕ್ಕ ಮಾತಿರುತ್ತದೆ. ಪರಂಪರೆಯ ಪ್ರಕಾರ ಇಂಥವನದು, ಆದರೆ ಒಂದೆರಡು ಲಕ್ಷಣಗಳು ಪೂರ್ತಿ ಹೊಂದುವುದಿಲ್ಲ ಎಂಬ ಸೂಚನೆಯನ್ನು ಬಲ್ಲವರು ಅದರಲ್ಲಿ ಓದುತ್ತಾರೆ. ಮತ್ತೊಂದರಲ್ಲಿ ವ್ಯಕ್ತಿಯ ಹೆಸರೇ ಇಲ್ಲದೆ ಸಂಪ್ರದಾಯದ ಹೆಸರು ಮಾತ್ರ ಇರುತ್ತದೆ. ಓದಲು ಬಾರದವನು ಮೂರನ್ನೂ ಒಂದೇ ಎಂದು ಓದುತ್ತಾನೆ. ದೊಡ್ಡ ಹೆಸರು ಕಂಡರೆ ಹಿಗ್ಗುತ್ತಾನೆ, ಸಂಪ್ರದಾಯದ ಹೆಸರು ಕಂಡರೆ ಕುಗ್ಗುತ್ತಾನೆ. ಆದರೆ ಸಂಪ್ರದಾಯದ ಹೆಸರಷ್ಟನ್ನೇ ಬರೆದು ನಿಲ್ಲಿಸಿದ ಪರೀಕ್ಷಕನು ತನ್ನ ಕಣ್ಣಿಗೆ ಕಂಡಷ್ಟನ್ನೇ ಹೇಳಿದ ಸತ್ಯವಂತನೆಂದು ನಾನು ತಿಳಿಯುತ್ತೇನೆ.

ಇನ್ನೊಂದು ಸೂಕ್ಷ್ಮವಿದೆ. ಗುರುವಿನ ಕೆಲಸವೂ ಶಿಷ್ಯನ ಕೆಲಸವೂ ಲಕ್ಷಣಗಳಲ್ಲಿ ಒಂದೇ ಆಗಿದ್ದಾಗ ಪರೀಕ್ಷಕನು ಏನು ಮಾಡುತ್ತಾನೆ? ಕೆಲಸ ಅತ್ಯುತ್ಕೃಷ್ಟವಾಗಿದ್ದರೆ ಗುರುವಿನ ಹೆಸರನ್ನು ಹೇಳುತ್ತಾನೆ. ಒಂದು ಮೆಟ್ಟಿಲು ಕೆಳಗಿದ್ದರೆ ಶಿಷ್ಯನ ಹೆಸರನ್ನು. ಮತ್ತೂ ಕೆಳಗಿದ್ದರೆ ಸಂಪ್ರದಾಯದ ಹೆಸರನ್ನು. ಹೀಗಾಗಿ ಅಂಕಿತವಿಲ್ಲದ ಕತ್ತಿಯ ಮೇಲೆ ಹೇಳಿದ ಕಮ್ಮಾರನ ಹೆಸರು ಎಷ್ಟೋ ವೇಳೆ ಗುಣದ ದರ್ಜೆಯೂ ಆಗಿರುತ್ತದೆ. ಹಳೆಯ ಪತ್ರಗಳಲ್ಲಿ ಹೆಸರಿನ ಪಕ್ಕದಲ್ಲಿಯೇ ಬೆಲೆ ಇದ್ದುದನ್ನು ನೆನಪಿಡಿ ಎಂದೆನಲ್ಲ. ಅದು ಈ ಕಾರಣಕ್ಕೆ. ಮಹಾಗುರುವೂ ಒಂದು ದಿನ ಸಾಧಾರಣವಾದ ಕತ್ತಿಯನ್ನು ಮಾಡಿದ್ದಾನು, ಶಿಷ್ಯನೂ ಒಂದು ದಿನ ಗುರುವನ್ನು ಮೀರಿದ್ದಾನು. ನಿರ್ಣಯದ ಕ್ರಮದಲ್ಲಿ ಇವರಿಬ್ಬರಿಗೂ ಜಾಗವಿಲ್ಲ. ಇದು ಪರೀಕ್ಷಕರ ಮೋಸವಲ್ಲ, ಆ ವಿದ್ಯೆಯ ಮಿತಿ. ಜೊತೆಗೆ, ಎಲ್ಲ ತಲೆಮಾರಿನ ಪರೀಕ್ಷಕರೂ ಸಮಾನ ಕಟ್ಟುನಿಟ್ಟಿನವರಾಗಿರಲಿಲ್ಲವಾದ್ದರಿಂದ, ನಿರ್ಣಯವನ್ನು ಯಾರು, ಯಾವ ಕಾಲದಲ್ಲಿ ಬರೆದರೆಂಬುದನ್ನೂ ನೋಡಬೇಕಾಗುತ್ತದೆ.

ಸರಿ, ಅಂಕಿತವಿಲ್ಲದ್ದಕ್ಕೆ ಈ ತೊಡಕಾಯಿತು. ಅಂಕಿತವಿದ್ದರೆ ಎಲ್ಲವೂ ನಿಶ್ಚಯವೆ? ಹಾಗೂ ಅಲ್ಲ. ಇದಕ್ಕೆ ನಮ್ಮ ನಾಡಿನ ಉದಾಹರಣೆಯೇ ಇದೆ, ಕತ್ತಿಯಲ್ಲಲ್ಲ, ಕಲ್ಲಿನಲ್ಲಿ. ಹೊಯ್ಸಳರ ಶಿಲ್ಪಿಗಳು ವಿಗ್ರಹಗಳ ಪೀಠದಲ್ಲಿ ತಮ್ಮ ಹೆಸರುಗಳನ್ನು ಬರೆದರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಇವರ ಹೆಸರುಗಳು ಅಲ್ಲಿಯೇ ಇವೆ. ಮಲ್ಲಿತಮ್ಮನೆಂಬ ಶಿಲ್ಪಿಯ ಹೆಸರು ತರೀಕೆರೆಯ ಬಳಿಯ ಅಮೃತಾಪುರದಲ್ಲಿ ಕಾಣುತ್ತದೆ. ಆ ಗುಡಿ 1196ರದು. ಅದೇ ಹೆಸರು ನುಗ್ಗೇಹಳ್ಳಿಯಲ್ಲಿ, 1246ರಲ್ಲಿ ಕಾಣುತ್ತದೆ. 13ನೆಯ ಶತಮಾನದ ಉತ್ತರಾರ್ಧದ ಸೋಮನಾಥಪುರದಲ್ಲಿಯೂ ಕಾಣುತ್ತದೆ. 60 ವರ್ಷಕ್ಕೂ ಮಿಕ್ಕ ಕಾಲ! ದೀರ್ಘಾಯುಷಿಯಾದ ಒಬ್ಬನೇ ಮನುಷ್ಯನೋ, ಒಂದೇ ಹೆಸರಿನ ಇಬ್ಬರೋ, ಒಬ್ಬ ಆಚಾರ್ಯನ ಹೆಸರಿನಲ್ಲಿ ನಡೆಯುತ್ತಿದ್ದ ಶಿಲ್ಪಿಗಳ ತಂಡವೋ? ಇರಾನಿನ ಇಸ್ಫಹಾನದ ಅಸದುಲ್ಲಾ ಎಂಬ ಖಡ್ಗಕಾರನ ಹೆಸರು ಕೂಡ ಒಬ್ಬನ ಆಯುಷ್ಯಕ್ಕೆ ನಿಲುಕದಷ್ಟು ದೀರ್ಘಕಾಲದ ಕತ್ತಿಗಳ ಮೇಲೆ ಸಿಗುತ್ತದೆ. ಭಾರತದ ಕತ್ತಿಗಳ ಮೇಲೂ ಸಿಗುತ್ತದೆ. ಅಂಕಿತವನ್ನೂ ಪರೀಕ್ಷಿಸಿಯೇ ನಂಬಬೇಕು.

ಜಪಾನಿನ ಕ್ರಮವನ್ನೂ ಅದರ ಮಿತಿಯನ್ನೂ ಕಂಡೆವು. ಈಗ ನಮ್ಮ ಕತ್ತಿಗಳಿಗೆ ಹಿಂದಿರುಗೋಣ.

ನಮ್ಮಲ್ಲಿ ಕತ್ತಿಗೆ ಹೆಸರು ಹೇಳುವುದುಂಟು. ಆದರೆ ಮಾಡಿದವನ ಹೆಸರನ್ನಲ್ಲ, ಹಿಡಿದವನ ಹೆಸರನ್ನು. ಮೈಸೂರಿನ ಕಡೆಯಾದರೆ ಟಿಪ್ಪುವಿನ ಕತ್ತಿ. ಚಿತ್ರದುರ್ಗದ ಕಡೆಯಾದರೆ ಮದಕರಿನಾಯಕನ ಕಾಲದ ಕತ್ತಿ. 2023ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಟಿಪ್ಪುವಿನ ಶಯನಗೃಹದ್ದೆನ್ನಲಾದ ಕತ್ತಿಯೊಂದು ಸುಮಾರು 1 ಕೋಟಿ 40 ಲಕ್ಷ ಪೌಂಡುಗಳಿಗೆ ಹರಾಜಾಯಿತು. ಆ ನಿರ್ಣಯಕ್ಕೆ ಆಧಾರವೇನು? 1799ರ ಮೇ 4ರಂದು ಶ್ರೀರಂಗಪಟ್ಟಣದ ಮೇಲೆ ಏರಿಹೋದ ಸೈನ್ಯದ ಮುಂದಾಳು ಡೇವಿಡ್ ಬೇರ್ಡನಿಗೆ ಅದನ್ನು ಕಾಣಿಕೆಯಾಗಿ ಕೊಟ್ಟ ಬರಹ, ಮತ್ತು ಅಲ್ಲಿಂದ ಮುಂದಕ್ಕೆ ಅದು ಕೈಯಿಂದ ಕೈಗೆ ಬಂದ ದಾಖಲೆ. ಇದು ಒಡೆತನದ ಇತಿಹಾಸದಿಂದ ಬಂದ ನಿರ್ಣಯ, ಗಟ್ಟಿಯಾದದ್ದೇ. ಆದರೆ ಅದನ್ನು ಬಡಿದವನು ಯಾರು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ, ಮತ್ತು ಆ ಪ್ರಶ್ನೆಯನ್ನು ಕೇಳಿದವರೂ ವಿರಳ. ಬೇಲೂರಿನ ಕಲ್ಲುಕುಟಿಗನ ಹೆಸರನ್ನು ಹುಡುಕಿ ಓದುವ ನಾವು ಹೊಳಲ್ಕೆರೆಯ ಕಮ್ಮಾರನನ್ನು ಹುಡುಕದೆ ಇರುವುದು ನನಗೆ ನಿಜವಾಗಿಯೂ ವ್ಯಥೆಯನ್ನುಂಟುಮಾಡುತ್ತದೆ.

ಪರದೇಶದವರೂ ಈ ಉಕ್ಕಿಗೆ ನ್ಯಾಯವಾದ ಹೆಸರನ್ನಿಡಲಿಲ್ಲ. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವಿದ್ವಾಂಸನು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಭಾರತದ ಉಕ್ಕನ್ನು ಕುರಿತು ಪ್ರಬಂಧವನ್ನೋದಿದಾಗ, ಅದು ಮುಂಬಯಿಯಲ್ಲಿ ತಯಾರಾದದ್ದೆಂದೇ ಶೀರ್ಷಿಕೆಯಲ್ಲಿ ಬರೆದ. ಮುಂಬಯಿ ಅದು ಹಡಗೇರಿದ ಬಂದರು. ಅದಕ್ಕೂ ಹಿಂದೆ, ಇಂಥ ಉಕ್ಕಿನಿಂದಾದ, ಮೈಮೇಲೆ ನೀರಿನ ಅಲೆಯಂಥ ವಿನ್ಯಾಸವಿರುವ ನೀರಲೆಯ ಕತ್ತಿಗಳು ಯುರೋಪಿನವರ ಬಾಯಲ್ಲಿ ದಮಾಸ್ಕಸ್ ಕತ್ತಿಗಳೆನಿಸಿಕೊಂಡವು. ಬಂದರಿಗೂ ಪೇಟೆಗೂ ಹೆಸರು ದಕ್ಕಿತು; ಒಳನಾಡಿನ ಕುಲುಮೆಗೆ ದಕ್ಕಲಿಲ್ಲ. ಆದ್ದರಿಂದ ವಸ್ತುಸಂಗ್ರಹಾಲಯದ ಯಾವುದಾದರೂ ಫಲಕದಲ್ಲಿ ಊರಿನ ಹೆಸರನ್ನು ಕಂಡರೆ, ಅದು ಮಾಡಿದ ಊರೋ, ಮಾರಿದ ಊರೋ, ಸಿಕ್ಕಿದ ಊರೋ ಎಂದು ಕೇಳಿಕೊಳ್ಳುವುದು ಮೊದಲ ಕೆಲಸ.

ಹಾಗಾದರೆ ನಮ್ಮ ಕತ್ತಿಯನ್ನು ಓದುವ ಬಗೆ ಇಲ್ಲವೆ? ಇದೆ. ಅಲಗನ್ನೂ ಹಿಡಿಯನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಹಳೆಯ ಅಲಗಿಗೆ ಹೊಸ ಹಿಡಿ ಹಾಕಿಸುವುದು ದಖ್ಖನಿನಲ್ಲಿ ಸಾಮಾನ್ಯವಾಗಿತ್ತು. ಯುರೋಪಿನಿಂದ ಬಂದ ಅಲಗಿಗೆ ಇಲ್ಲಿಯ ಹಿಡಿಯನ್ನು ಕೂರಿಸಿದ ಫಿರಂಗಿ ಕತ್ತಿಗಳೂ ಹೇರಳವಾಗಿವೆ. ಆಕಾರದ ಕಾಲವನ್ನು ಅಳೆಯಲು ನಮ್ಮಲ್ಲಿರುವ ಸಾಧನ ಜಪಾನೀಯರಲ್ಲಿಲ್ಲ, ಅದು ವೀರಗಲ್ಲು. ಶಾಸನವೂ ಶಕವರ್ಷವೂ ಇರುವ ವೀರಗಲ್ಲಿನಲ್ಲಿ ವೀರನ ಕೈಯ ಕತ್ತಿಯ ಬಾಗು, ಅಗಲ, ಹಿಡಿಯ ಮಾಟ ಇವೆಲ್ಲ ತೇದಿಯೊಡನೆ ಕೆತ್ತಲ್ಪಟ್ಟಿವೆ. ಈ ಸೀಮೆಯ ವೀರಗಲ್ಲುಗಳಿಂದ ಕತ್ತಿಯ ಆಕಾರಗಳನ್ನು ಕಾಲಾನುಕ್ರಮವಾಗಿ ಸಂಗ್ರಹಿಸಿದರೆ, ಕೈಯಲ್ಲಿರುವ ಅಲಗನ್ನು ಹೋಲಿಸಲು ಒಂದು ನೆಲೆ ಸಿಗುತ್ತದೆ. ಕಾಲೇಜಿನ ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಕೆಲಸ ಇದು.

ಲೋಹಪರೀಕ್ಷೆಯ ನೆರವೂ ಇದೆ. ಮೂಸೆಯ ಉಕ್ಕಿನಲ್ಲಿ ಇಂಗಾಲವು ನೂರಕ್ಕೆ ಸುಮಾರು ಒಂದೂವರೆ ಭಾಗದಷ್ಟಿರುತ್ತದೆ. 1998ರಲ್ಲಿ ಅಮೆರಿಕದ ಲೋಹವಿಜ್ಞಾನಿ ಜಾನ್ ವರ್ಹೋವೆನ್ ಮತ್ತು ಕಮ್ಮಾರ ಆಲ್‌ಫ್ರೆಡ್ ಪೆಂಡ್ರೇ ಮೊದಲಾದವರು, ಅದಿರಿನಿಂದ ಬಂದ ವೆನೇಡಿಯಂನಂಥ ಧಾತುಗಳ ಅತ್ಯಲ್ಪ ಅಂಶವೇ ಅಲಗಿನ ನೀರಲೆಗೆ ಕಾರಣವೆಂದು ತೋರಿಸಿದರು. ಇಷ್ಟರಿಂದ ಅದಿರಿನ ಸ್ವಭಾವ ತಿಳಿದೀತು; ಗಣಿಯ ಊರು ತಿಳಿಯದು. ಉಕ್ಕಿನ ಗಟ್ಟಿ ಒಂದು ಕಡೆ, ಅಲಗು ಬಡಿದದ್ದು ಇನ್ನೊಂದು ಕಡೆ ಆಗಿರುವಲ್ಲಿ, 'ಗಟ್ಟಿಹೊಸಹಳ್ಳಿಯ ಕತ್ತಿ' ಎಂದು ಯಾರಾದರೂ ಅಭಿಮಾನದಿಂದ ಹೇಳಿದರೆ ನಾನು ಸಂತೋಷಪಟ್ಟೇನು, ಒಪ್ಪಲಾರೆ.

ಇಷ್ಟಾದ ಮೇಲೆ ನಿಮ್ಮಲ್ಲಿ ಒಂದು ವಿಜ್ಞಾಪನೆ. ಮನೆಯಲ್ಲಿ ಹಿರಿಯರ ಕಾಲದ ಕತ್ತಿಯಿದ್ದರೆ, ಆಯುಧಪೂಜೆಗೆಂದು ಅದನ್ನು ಹುಣಿಸೆಹಣ್ಣಿನಿಂದಲೋ ಉಪ್ಪುಕಾಗದದಿಂದಲೋ ಉಜ್ಜಬೇಡಿ. ಜಪಾನಿನಲ್ಲಿ ಅಲಗಿಗೆ ಎಷ್ಟು ಹೊಳಪು ಕೊಟ್ಟರೂ ಬಾಲದ ತುಕ್ಕನ್ನು ಮಾತ್ರ ಮುಟ್ಟುವುದಿಲ್ಲ. ಅದರ ಬಣ್ಣವೇ ವಯಸ್ಸಿನ ಸಾಕ್ಷಿ. ನಮ್ಮ ಅಲಗಿನ ನೀರಲೆಯೂ ಒರಟು ಉಜ್ಜಿಗೆ ಮರೆಯಾಗುತ್ತದೆ. ಒಣಗಿದ ಬಟ್ಟೆಯಿಂದ ಒರೆಸಿ, ತೆಳ್ಳಗೆ ಎಣ್ಣೆ ಸವರಿ, ಕುಂಕುಮವನ್ನು ಹಿಡಿಗೆ ಇಡಿ. ಗಟ್ಟಿಹೊಸಹಳ್ಳಿಯ ಮೂಸೆಯ ಚೂರುಗಳನ್ನು ಕಂಡರೆ ಕಂಡಲ್ಲಿಯೇ ಬಿಡಿ. ಮಣ್ಣಿನಲ್ಲಿ ಅವು ಬಿದ್ದಿರುವ ಸ್ಥಾನವೂ ಬಲ್ಲವರಿಗೆ ಬೇಕಾಗುವ ಮಾಹಿತಿ.

ಆಮೇಲೆ ಒಂದು ಚೀಟಿಯಲ್ಲಿ ನಿಮಗೆ ತಿಳಿದದ್ದನ್ನು ಬರೆದು ಕತ್ತಿಯೊಡನೆ ಇಡಿ. ಕಂಡದ್ದು ಒಂದು ಸಾಲು, ಕೇಳಿದ್ದು ಇನ್ನೊಂದು ಸಾಲು, ಊಹಿಸಿದ್ದು ಮತ್ತೊಂದು ಸಾಲು. ಮಾದರಿಗೆ ಹೇಳುವುದಾದರೆ ಹೀಗೆ. ಅಲಗು ಇಷ್ಟು ಗೇಣು ಉದ್ದ, ಒಂದೇ ಕಡೆ ಬಾಯಿ, ಅಂಕಿತವಿಲ್ಲ, ಮೈಮೇಲೆ ನೀರಲೆ ಇದೆ. ಮದಕರಿನಾಯಕನ ಕಾಲದ್ದೆಂದು ಅಜ್ಜಿ ಹೇಳುತ್ತಿದ್ದರು. ಅವರಿಗೆ ಅವರ ಮಾವನವರು ಹೇಳಿದ್ದರು. ಹಿಡಿ ಅಲಗಿಗಿಂತ ಹೊಸದಿರಬಹುದು. ಉಕ್ಕು ಚಿತ್ರದುರ್ಗ ಸೀಮೆಯ ಮೂಸೆಯದೂ ಇರಬಹುದು, ಪರೀಕ್ಷೆಯಾಗಬೇಕು. ಕೆಳಗೆ ಬರೆದವರ ಹೆಸರು, ಬರೆದ ದಿನ.